ಹೊಸ ಬಣ್ಣ, ಹಳೆ ಗೋಡೆ: ಕೊಂಡ ಮನೆಯ ಬಿರುಕನ್ನು ಓದುವುದು ಹೇಗೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಯಾರೋ ಕಟ್ಟಿದ ಮನೆಯನ್ನು ಇನ್ಯಾರೋ ಒಡೆದು, ತಿದ್ದಿ, ಬಣ್ಣ ಬಳಿದು ಮಾರಿದಾಗ ಅದನ್ನು ಕೊಂಡು ನೋಡುವ ಕಷ್ಟ ಅವರ ಕಾಲದಲ್ಲಿ ಇರಲಿಲ್ಲವೇನೋ. ಇದ್ದಿದ್ದರೆ ಅದಕ್ಕೂ ಒಂದು ಗಾದೆ ಖಂಡಿತ ಇರುತ್ತಿತ್ತು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಮಧ್ಯಮ ವರ್ಗದ ಕುಟುಂಬವೊಂದು ಹಳೆಯ ಮನೆಯ ಕಡೆ ತಿರುಗುವುದಕ್ಕೆ ಬಲವಾದ ಕಾರಣಗಳೇ ಇವೆ. ಊರ ಹೊರಗಿನ ನಿವೇಶನದಲ್ಲಿ ಮನೆ ಕಟ್ಟಿಸಿದರೆ ಮಕ್ಕಳು ಕಾಲೇಜಿಗೆ ಎರಡು ಬಸ್ಸು ಬದಲಾಯಿಸಬೇಕು. ಹಳೆಯ ಬಡಾವಣೆಯಲ್ಲಾದರೆ ಶಾಲೆ, ಆಸ್ಪತ್ರೆ, ತರಕಾರಿ ಅಂಗಡಿ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ, 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಹಳೆಯ ಮನೆಗಳು ಒಂದೊಂದಾಗಿ ಕೈ ಬದಲಾಯಿಸುತ್ತಿವೆ. ಹಾಗೆ ಬದಲಾಯಿಸುವ ಮುನ್ನ ಮನೆಗೆ ಒಂದು 'ರೀಮಾಡೆಲಿಂಗ್' ಆಗುತ್ತದೆ. ಹೊಸ ಟೈಲ್ಸು, ಫಾಲ್ಸ್ ಸೀಲಿಂಗು, ಅದರೊಳಗೆ ಮಿನುಗುವ ದೀಪಗಳು, ಗೋಡೆಗೆ ಪುಟ್ಟಿ, ಅದರ ಮೇಲೆ ನಯವಾದ ಬಣ್ಣ. ನೋಡಿದವರಿಗೆ ಮನೆ ನಿನ್ನೆ ಮೊನ್ನೆ ಕಟ್ಟಿದ ಹಾಗೆ ಕಾಣುತ್ತದೆ.

ಒಂದು ಉದಾಹರಣೆಗಾಗಿ ಅಂಥದೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಇದು ಯಾವುದೇ ಒಬ್ಬರ ಮನೆಯಲ್ಲ, ಆದರೆ ಇಂಥ ಮನೆ ನಿಮ್ಮ ಬೀದಿಯಲ್ಲೂ ಇರಬಹುದು. ಮೂವತ್ತು ನಲವತ್ತರ ನಿವೇಶನ. 1960ರ ದಶಕದಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಒಂದಂತಸ್ತಿನ ಮನೆ. ಮುಂದೆ ವರಾಂಡ, ಆಮೇಲೆ ಹತ್ತಡಿ ಅಗಲದ ಹಾಲು, ಅದರ ಹಿಂದೆ ಹತ್ತಡಿ ಅಗಲದ ಊಟದ ಮನೆ. ಮಾರಿದವರು ಹಾಲಿಗೂ ಊಟದ ಮನೆಗೂ ನಡುವಿನ ಗೋಡೆ ತೆಗೆಸಿ ಎರಡನ್ನೂ ಒಂದು ಮಾಡಿದ್ದಾರೆ. ಮೇಲೆ ಎರಡು ಕೋಣೆ ಕಟ್ಟಿದ್ದಾರೆ. ಕೊಂಡವರು ಭವಿಷ್ಯನಿಧಿಯ ಹಣ ತೆಗೆದು, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡಿ, ಗೃಹಪ್ರವೇಶ ಮುಗಿಸಿ ನೆಮ್ಮದಿಯಾಗಿದ್ದಾರೆ. ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಪಿಯುಸಿ ಓದುವ ಮಗಳು ಪುಸ್ತಕದಿಂದ ತಲೆಯೆತ್ತಿ, 'ಅಪ್ಪಾ, ಈ ಕಿಟಕಿ ಮೂಲೆಯ ಗೆರೆ ಮೊದಲು ಇಷ್ಟುದ್ದ ಇರಲಿಲ್ಲ, ಅಲ್ವಾ?' ಎನ್ನುತ್ತಾಳೆ.

ಅಪ್ಪ ಮೇಸ್ತ್ರಿಯನ್ನು ಕರೆಸುತ್ತಾರೆ. ಮೇಸ್ತ್ರಿ ಬಂದು, ಗೋಡೆ ತಟ್ಟಿ, 'ಏನಾಗಲ್ಲ ಸಾರ್, ಪ್ಲಾಸ್ಟರು ಬಿಟ್ಟಿದೆ ಅಷ್ಟೆ. ತುಂಬಿ ಬಣ್ಣ ಹೊಡೆದರೆ ಸರಿಹೋಗುತ್ತೆ' ಎನ್ನುತ್ತಾನೆ. ಅವನ ಮಾತು ನಿಜವೂ ಇರಬಹುದು. ಇಲ್ಲದೆಯೂ ಇರಬಹುದು. ಯಾವುದೆಂದು ತಿಳಿಯಬೇಕಾದರೆ ಆ ಮನೆಯ ಬಗ್ಗೆ ಒಂದೇ ಪ್ರಶ್ನೆಯನ್ನು ಕೇಳಬೇಕು: ಮೇಲಿನ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ?

ಗೋಡೆಯೇ ಬೆನ್ನೆಲುಬು

ಈಗಿನ ಹೊಸ ಮನೆಗಳಲ್ಲಿ ಭಾರ ಹೊರುವುದು ಕಂಬ ಮತ್ತು ಬೀಮು. ನಡುವಿನ ಗೋಡೆ ಪರದೆಯಿದ್ದಂತೆ, ತೆಗೆದರೂ ಸಾಮಾನ್ಯವಾಗಿ ಮನೆ ನಿಲ್ಲುತ್ತದೆ. ಹಳೆಯ ಮನೆಯ ಕತೆ ಬೇರೆ. ಅಲ್ಲಿ ಕಂಬವಿಲ್ಲ, ಗೋಡೆಯೇ ಕಂಬ. ಸೈಜುಗಲ್ಲಿನ ಪಾಯದ ಮೇಲೆ ಒಂಬತ್ತು ಅಂಗುಲದ ಅಥವಾ ಅದಕ್ಕೂ ದಪ್ಪನೆಯ ಗೋಡೆ, ಅದರ ಮೇಲೆ ಮಾಳಿಗೆ. ನಮ್ಮ ಕಡೆ ಆ ಮಾಳಿಗೆಯಲ್ಲೂ ಹಲವು ಬಗೆ. ಮಂಗಳೂರು ಹೆಂಚು ಒಂದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೆಚ್ಚಾಗಿ ಕಾಣುವ ಚಪ್ಪಡಿ ಕಲ್ಲಿನ ಮಾಳಿಗೆ ಇನ್ನೊಂದು. ಮದ್ರಾಸ್ ತಾರಸಿ ಮತ್ತೊಂದು: ಮರದ ತೊಲೆಗಳ ಮೇಲೆ ಸಣ್ಣ ತೆಳು ಇಟ್ಟಿಗೆಗಳನ್ನು ಓರೆಯಾಗಿ ಕೂರಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಾರೆ ಹಾಕಿ, ಬೆಲ್ಲ, ಅಳಲೆಕಾಯಿಯ ನೀರು ಚಿಮುಕಿಸುತ್ತ ದಿನಗಟ್ಟಲೆ ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಆಮೇಲೆ ಬಂದದ್ದು ಕಬ್ಬಿಣ, ಸಿಮೆಂಟಿನ ಆರ್‌ಸಿಸಿ. ಬೆಂಗಳೂರಿನ ಗಾರೆಯವರ ಭಾಷೆಯಲ್ಲಿ 'ಮೋಲ್ಡು'.

ಹಳೆಯದೆಂದರೆ ದುರ್ಬಲ ಎಂದುಕೊಳ್ಳಬಾರದು. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುಣ್ಣ ಮತ್ತು ಸುರ್ಕಿ, ಅಂದರೆ ಇಟ್ಟಿಗೆಪುಡಿಯ ಗಾರೆಯಲ್ಲಿ. ಅದು ಈಗಲೂ ನೀರು ಹಿಡಿದು ನಿಂತಿದೆ. ಹಳೆಯ ಮನೆಗಳೂ ಅವುಗಳ ಪಾಡಿಗೆ ಬಿಟ್ಟು, ನೀರು ಸೋರದಂತೆ ನೋಡಿಕೊಂಡರೆ ನೂರು ವರ್ಷ ಬಾಳುತ್ತವೆ. ತೊಂದರೆ ಶುರುವಾಗುವುದು ಮನೆಯ ಲೆಕ್ಕ ತಿಳಿಯದವರು ಅದರ ಎಲುಬಿಗೆ ಕೈಹಾಕಿದಾಗ.

ಭಾರದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ, ಇದಕ್ಕೆ ಹೈಸ್ಕೂಲಿನ ಗಣಿತ ಸಾಕು. ಕಬ್ಬಿಣ ಹಾಕಿದ ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2500 ಕಿಲೋ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಐದು ಅಂಗುಲ ದಪ್ಪದ ಮೋಲ್ಡು ಇದ್ದರೆ ಅದರ ತೂಕ ಹತ್ತಿರ ಹತ್ತಿರ 3 ಟನ್. ಮಾರುತಿ 800 ಕಾರುಗಳನ್ನು ನಾಲ್ಕು ಪೇರಿಸಿದರೂ ಅಷ್ಟಾಗುವುದಿಲ್ಲ. ಅದರ ಮೇಲೆ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಹತ್ತಡಿ ಉದ್ದ, ಹತ್ತಡಿ ಎತ್ತರ ಎದ್ದರೆ ಇನ್ನು 4 ಟನ್. ದಸರೆಯ ಚಿನ್ನದ ಅಂಬಾರಿಯ ತೂಕ 750 ಕಿಲೋ ಎನ್ನುತ್ತಾರೆ, ಅದನ್ನು ಹೊರಲು ಆನೆಯೇ ಬೇಕು. ನಾವು ತಾರಸಿಯ ಮೇಲೆ ಯೋಚಿಸದೆ ಇಡುವ ಸಾವಿರ ಲೀಟರಿನ ನೀರಿನ ಟ್ಯಾಂಕು ತುಂಬಿದಾಗ ಅದಕ್ಕಿಂತ ಭಾರ!

ಈ ಟನ್ನುಗಳೆಲ್ಲ ಗೋಡೆಯ ಮೂಲಕ ಪಾಯಕ್ಕೆ, ಪಾಯದ ಮೂಲಕ ಮಣ್ಣಿಗೆ ಇಳಿಯಬೇಕು. ಒಂದಂತಸ್ತಿಗೆಂದು ತೋಡಿದ ಪಾಯದ ಮೇಲೆ ಇನ್ನೊಂದು ಅಂತಸ್ತು ಎತ್ತಿದರೆ ಮಣ್ಣಿನ ಮೇಲಿನ ಒತ್ತಡ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಗಟ್ಟಿ ಕೆಮ್ಮಣ್ಣಿನ ನೆಲ ಅದನ್ನು ತಾಳಿಕೊಳ್ಳಬಹುದು. ತುಂಬಿಸಿದ ನೆಲ ತಾಳಿಕೊಳ್ಳದು.

ತೆಗೆದ ಗೋಡೆಯ ಗಣಿತ

ಈಗ ನಮ್ಮ ಉದಾಹರಣೆಯ ಮನೆಗೆ ಬರೋಣ. ಹಾಲು ಮತ್ತು ಊಟದ ಮನೆಯ ನಡುವಿನ ಗೋಡೆ ಹೋಯಿತು. ಮೊದಲು ಹತ್ತಡಿ ದಾಟುತ್ತಿದ್ದ ಮಾಳಿಗೆ ಈಗ ಇಪ್ಪತ್ತಡಿ ದಾಟಬೇಕು. ದೂರ ಎರಡರಷ್ಟಾಯಿತು, ಆದ್ದರಿಂದ ಕಷ್ಟವೂ ಎರಡರಷ್ಟು ಎಂದು ನಮಗೆ ಅನ್ನಿಸುತ್ತದೆ. ಭೌತಶಾಸ್ತ್ರ ಹಾಗೆ ಹೇಳುವುದಿಲ್ಲ. ಎರಡು ಕಡೆ ಆಧಾರದ ಮೇಲೆ ಕೂತ, ಉದ್ದಕ್ಕೂ ಸಮನಾಗಿ ಭಾರ ಹೊತ್ತ ತೊಲೆಯೊಂದರಲ್ಲಿ ಅದನ್ನು ಬಾಗಿಸುವ ಬಲದ ಪರಿಣಾಮ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ದೂರ ಇಮ್ಮಡಿಯಾದರೆ ಅದು ನಾಲ್ಕು ಪಟ್ಟು. ನಡುವೆ ತೊಲೆ ಜೋಲುವ ಪ್ರಮಾಣವಂತೂ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ, ಅಂದರೆ ಹದಿನಾರು ಪಟ್ಟು. ತೊಲೆಗಳ ಬಲದ ಬಗ್ಗೆ ಗೆಲಿಲಿಯೊ 1638ರಷ್ಟು ಹಿಂದೆಯೇ ಒಂದು ಗ್ರಂಥದಲ್ಲಿ ಚರ್ಚೆ ಮಾಡಿದ್ದ. ನಮ್ಮ ಗುತ್ತಿಗೆದಾರರಲ್ಲಿ ಕೆಲವರಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಅನುಮಾನವಿದ್ದರೆ ಮಕ್ಕಳು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ತೆಳ್ಳಗಿನ ಒಂದು ಸ್ಕೇಲನ್ನು ಹತ್ತು ಸೆಂಟಿಮೀಟರ್ ದೂರದಲ್ಲಿಟ್ಟ ಎರಡು ಪುಸ್ತಕಗಳ ಮೇಲೆ ಅಡ್ಡವಿಟ್ಟು, ನಡುವೆ ಒಂದು ಬೀಗ ಇಡಿ. ನಂತರ ಪುಸ್ತಕಗಳನ್ನು ಇಪ್ಪತ್ತು ಸೆಂಟಿಮೀಟರಿಗೆ ಸರಿಸಿ. ಭಾರ ನಡುವೆ ಒಂದೇ ಕಡೆ ಇರುವುದರಿಂದ ಇಲ್ಲಿ ಜೋಲು ಎಂಟು ಪಟ್ಟಾಗುತ್ತದೆ. ಅಷ್ಟೂ ಕಣ್ಣಿಗೆ ಚೆನ್ನಾಗಿಯೇ ಕಾಣಿಸುತ್ತದೆ.

'ಗೋಡೆ ತೆಗೆದ ಕಡೆ ಬೀಮ್ ಕೊಟ್ಟಿದ್ದೇವಲ್ಲ' ಎಂಬ ಉತ್ತರ ಬರುತ್ತದೆ. ಬೀಮು ಕೊಟ್ಟಿದ್ದರೆ ಒಳ್ಳೆಯದೇ. ಆದರೆ ಮೊದಲು ಗೋಡೆಯ ಉದ್ದಕ್ಕೂ ಹರಡಿ ಪಾಯಕ್ಕೆ ಇಳಿಯುತ್ತಿದ್ದ ಭಾರ ಈಗ ಬೀಮಿನ ಎರಡು ತುದಿಗಳಲ್ಲಿ ಮಾತ್ರ ಇಳಿಯುತ್ತದೆ. ಆ ತುದಿಗಳ ಕೆಳಗೆ ಏನಿದೆ? ಕಾಂಕ್ರೀಟಿನ ದಿಂಡು ಕೂರಿಸಿ ಭಾರವನ್ನು ಹರಡಿದ್ದಾರೆಯೇ, ಅಥವಾ ಹಳೆಯ ಇಟ್ಟಿಗೆಯಲ್ಲಿ ಒಂದು ತೂತು ಕೊರೆದು ಗರ್ಡರಿನ ಮೂತಿ ತೂರಿಸಿದ್ದಾರೆಯೇ? ಎರಡನೆಯದಾದರೆ ಆ ತುದಿಯ ಕೆಳಗೆ ಇಟ್ಟಿಗೆ ನಲುಗುತ್ತದೆ, ಅಲ್ಲಿಂದ ಬಿರುಕು ಕೆಳಮುಖವಾಗಿ ಇಳಿಯುತ್ತದೆ. ಇದನ್ನು ಹೊರಗಿನಿಂದ ನೋಡಿ ತಿಳಿಯಲಾಗದು. ಏಕೆಂದರೆ ಅದರ ಮೇಲೆ ಫಾಲ್ಸ್ ಸೀಲಿಂಗು ಇದೆ!

ಚಪ್ಪಡಿ ಮಾಳಿಗೆಯ ಮನೆಯಲ್ಲಿ ಗೋಡೆ ತೆಗೆಯುವುದಂತೂ ಬೇರೆಯೇ ಬಗೆಯ ಸಾಹಸ. ಕಲ್ಲು ಒತ್ತಡವನ್ನು ತಾಳುತ್ತದೆ, ಬಾಗುವುದನ್ನು ತಾಳುವುದಿಲ್ಲ. ಮರ ಮುರಿಯುವ ಮುನ್ನ ಕಿರುಗುಟ್ಟುತ್ತದೆ. ಸರಿಯಾಗಿ ಕಬ್ಬಿಣ ಹಾಕಿದ ಮೋಲ್ಡು ಜೋತು, ಬಿರುಕು ತೋರಿಸಿ, ಸಮಯ ಕೊಡುತ್ತದೆ. ಕಲ್ಲಿಗೆ ಆ ಸೌಜನ್ಯವಿಲ್ಲ. ಮುರಿಯುವ ಕ್ಷಣದವರೆಗೂ ಅದು ಸುಮ್ಮನೆ ಇರುತ್ತದೆ.

ಬಾಲ್ಕನಿಯನ್ನು ಮುಚ್ಚಿ ಮಕ್ಕಳ ಓದುವ ಕೋಣೆ ಮಾಡುವ ಪದ್ಧತಿಯೂ ಈಗ ಹೆಚ್ಚು. ಗೋಡೆಯಿಂದ ಹೊರಚಾಚಿದ ಚಪ್ಪಡಿ ಒಂದೇ ಕಡೆ ಹಿಡಿತವಿರುವಂಥದು, ಈಜುಕೊಳದ ಜಿಗಿಯುವ ಹಲಗೆಯ ಹಾಗೆ. ಅದರ ತುದಿಯಲ್ಲಿ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ ಎಬ್ಬಿಸಿದರೆ ಹತ್ತಡಿ ಉದ್ದಕ್ಕೆ ಸುಮಾರು 2 ಟನ್, ಅದೂ ಎಲ್ಲಿ ಹೇರಬಾರದೋ ಅಲ್ಲಿಯೇ. ಅದರಲ್ಲಿ ಪುಸ್ತಕದ ಕಪಾಟು ಬೇರೆ. ಮಗನ ಓದು ಎಷ್ಟು ಭಾರವಾದದ್ದು ಎಂದು ಆ ಚಪ್ಪಡಿಗೆ ಮಾತ್ರ ಗೊತ್ತು.

ಬಿರುಕಿನ ಭಾಷೆ

ಎಲ್ಲ ಬಿರುಕೂ ಅಪಾಯವಲ್ಲ, ಇದನ್ನು ಮೊದಲೇ ಹೇಳಬೇಕು. ಬಿರುಕಿಲ್ಲದ ಮನೆ ಕರ್ನಾಟಕದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಗಾರೆ ಒಣಗುವಾಗ ಕುಗ್ಗುತ್ತದೆ, ಆಗ ಗೋಡೆಯ ಮೇಲೆ ಕೂದಲೆಳೆಯಂಥ ಗೆರೆಗಳು ಜೇಡರ ಬಲೆಯ ಹಾಗೆ ಮೂಡುತ್ತವೆ. ಅವುಗಳ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಮಾಳಿಗೆ ಮತ್ತು ಗೋಡೆ ಸೇರುವ ಜಾಗದಲ್ಲಿ ಉದ್ದಕ್ಕೆ ಮಲಗಿದ ಬಿರುಕು ಬಹುಮಟ್ಟಿಗೆ ಬಿಸಿಲಿನ ಕೆಲಸ. ಹತ್ತು ಮೀಟರ್ ಉದ್ದದ ಮೋಲ್ಡು ಉಷ್ಣತೆ ಮೂವತ್ತು ಡಿಗ್ರಿ ಏರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಹಿಗ್ಗುವುದಿಲ್ಲ, ಎರಡರ ಜಗಳ ಅಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಗೋಡೆಗೆ ಹೊಸ ಗೋಡೆ ಸೇರಿಸಿದ ಕಡೆ ನೇರವಾಗಿ ಮೇಲಿಂದ ಕೆಳಗೆ ಇಳಿಯುವ ಬಿರುಕು ಬಂದರೆ, ಇಟ್ಟಿಗೆಗೆ ಇಟ್ಟಿಗೆ ಕಚ್ಚಿಸದೆ ಸುಮ್ಮನೆ ಒತ್ತಿ ಕಟ್ಟಿದ್ದಾರೆ ಎಂದರ್ಥ. ಅಥವಾ ಹೊಸ ಭಾಗದ ಪಾಯ ಬೇರೆಯಾಗಿ ಕುಸಿಯುತ್ತಿದೆ.

ಗಮನ ಕೊಡಬೇಕಾದದ್ದು ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಅಥವಾ ಇಳಿಯುವ ಬಿರುಕಿಗೆ. ಮನೆಯ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಕೆಳಗೆ ಕೂರುತ್ತಿದೆ ಎಂಬುದರ ಗುರುತು ಅದು. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ ಇದ್ದರೆ ಅನುಮಾನ ಇನ್ನೂ ಗಟ್ಟಿ. ಏಕೆ ಕೂರುತ್ತಿದೆ? ಬೆಂಗಳೂರಿನಂಥ ಊರಿನಲ್ಲಿ ಇದಕ್ಕೆ ಉತ್ತರ ಎಷ್ಟೋ ಸಲ ಹಿತ್ತಿಲಿನ ಬಾವಿ. ಹಳೆಯ ಮನೆಗಳಿಗೆಲ್ಲ ಬಾವಿಯಿತ್ತು. ನಲ್ಲಿ ಬಂದ ಮೇಲೆ ಕಲ್ಲು, ಮಣ್ಣು, ಒಡೆದ ಹೆಂಚು ಸುರಿದು ಅದನ್ನು ಮುಚ್ಚಿದರು, ಆಮೇಲೆ ಬಂದವರು ಅದರ ಮೇಲೆ ಅಡುಗೆಮನೆ ವಿಸ್ತರಿಸಿದರು. ಮನೆ ಪತ್ರದಲ್ಲಿ ಬಾವಿಯ ಸುಳಿವು ಇರಲಿಕ್ಕಿಲ್ಲ, ಪಕ್ಕದ ಮನೆಯ ಅಜ್ಜಿಗೆ ಗೊತ್ತಿರುತ್ತದೆ. ಮನೆ ನೋಡಲು ಹೋದಾಗ ದಲ್ಲಾಳಿಯ ಜೊತೆ ಒಂದು ಗಂಟೆ ಮಾತಾಡುವುದಕ್ಕಿಂತ ಆ ಅಜ್ಜಿಯ ಜೊತೆ ಹತ್ತು ನಿಮಿಷ ಮಾತಾಡುವುದು ಮೇಲು. ಇಡೀ ಬಡಾವಣೆಯೇ ಕೆರೆಯ ಅಂಗಳವಾಗಿತ್ತೇ ಎಂಬುದನ್ನೂ ಅವರೇ ಹೇಳುತ್ತಾರೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ ಎಂಬುದನ್ನು ನೆನೆದರೆ ಈ ಪ್ರಶ್ನೆ ಅತಿಯೆನಿಸದು.

ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ ಮನೆಯ ಸ್ವಭಾವವೇ ಬೇರೆ. ಆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಜೊತೆಗೆ ಗೋಡೆಯ ಬಿರುಕೂ ತೆರೆಯುತ್ತದೆ, ಮುಚ್ಚುತ್ತದೆ. ಬಿರುಕು ಕೂಡಿಕೊಂಡಿರುವ ಕಾಲದಲ್ಲಿ ಅದರ ಮೇಲೆ ಪುಟ್ಟಿ ಎಳೆದು ಮನೆ ತೋರಿಸಿದರೆ ಕೊಳ್ಳುವವರಿಗೆ ಏನೂ ಗೊತ್ತಾಗದು.

ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಎಂಬುದು ಅದರ ಅಗಲಕ್ಕಿಂತ ಮುಖ್ಯ. ಇದನ್ನು ಕಂಡುಹಿಡಿಯುವ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸಬಹುದು. ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಬಿರುಕಿನ ಆಚೆ ಈಚೆ ಎರಡು ಸಣ್ಣ ಮೊಳೆ ಹೊಡೆದು ಅವುಗಳ ನಡುವಿನ ದೂರವನ್ನು ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್ ಸಿಕ್ಕಿದರೆ ಇನ್ನೂ ಉತ್ತಮ. ಎಂಜಿನಿಯರುಗಳ ಹಳೆಯ ಉಪಾಯವೊಂದಿದೆ: ತೆಳುಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡೂ ತುದಿಯನ್ನು ಗಾರೆಯಿಂದ ಅಂಟಿಸುವುದು. ಗೋಡೆ ಮಿಸುಕಿದರೆ ಗಾಜು ಒಡೆಯುತ್ತದೆ. ಬೇಸಿಗೆ, ಮಳೆ, ಚಳಿ ಮೂರನ್ನೂ ದಾಟಿದ ಒಂದು ವರ್ಷದ ಲೆಕ್ಕ ಕೈಯಲ್ಲಿದ್ದರೆ ಎಂಜಿನಿಯರಿಗೆ ಅದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ. ಅಗಲದ ಬಗ್ಗೆ ಬ್ರಿಟನ್ನಿನ ಕಟ್ಟಡ ಸಂಶೋಧಕರು ಮಾಡಿಕೊಂಡ ಒಂದು ಸ್ಥೂಲ ಅಳತೆ ಉಪಯೋಗಕ್ಕೆ ಬರುತ್ತದೆ. 5 ಮಿಲಿಮೀಟರ್‌ವರೆಗಿನದು ಸಾಮಾನ್ಯ ದುರಸ್ತಿಗೆ ಸೇರಿದ್ದು, 15 ಮಿಲಿಮೀಟರ್ ದಾಟಿದರೆ ತೀವ್ರ. ಆದರೆ ದಿನದಿಂದ ದಿನಕ್ಕೆ ಬೆಳೆಯುವ 2 ಮಿಲಿಮೀಟರ್ ಬಿರುಕು ಹತ್ತು ವರ್ಷದಿಂದ ಸುಮ್ಮನಿರುವ 6 ಮಿಲಿಮೀಟರ್ ಬಿರುಕಿಗಿಂತ ಕೆಟ್ಟದ್ದು.

ಕಬ್ಬಿಣದ ಕಾಯಿಲೆ

ಹಳೆಯ ಆರ್‌ಸಿಸಿ ಮಾಳಿಗೆಯಲ್ಲಿ ಇನ್ನೊಂದು ಬಗೆಯ ಬಿರುಕು ಉಂಟು. ಕಂಬಿ ಹೋದ ದಾರಿಯಲ್ಲೇ ಗೆರೆ ಹೊಡೆದಂತೆ ಬರುವ ಬಿರುಕು ಅದು. ಮೊದಲು ಕಾಣಿಸುವುದು ಬಹುಮಟ್ಟಿಗೆ ಸಜ್ಜದ ಅಡಿಯಲ್ಲಿ, ಬಚ್ಚಲುಮನೆಯ ಮಾಳಿಗೆಯಲ್ಲಿ. ಆಮೇಲೆ ಚಕ್ಕೆ ಚಕ್ಕೆಯಾಗಿ ಗಾರೆ ಉದುರಿ, ತುಕ್ಕು ಹಿಡಿದ ಕಂಬಿ ಹೊರಗೆ ಇಣುಕುತ್ತದೆ.

ಇದರ ಹಿಂದಿರುವುದು ರಸಾಯನಶಾಸ್ತ್ರ. ಹೊಸ ಕಾಂಕ್ರೀಟು ಪ್ರಬಲ ಪ್ರತ್ಯಾಮ್ಲ, ಅದರ ಪಿಎಚ್ ಹನ್ನೆರಡಕ್ಕೂ ಮೇಲೆ. ಆ ವಾತಾವರಣದಲ್ಲಿ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪದರ ಉಳಿದು ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ನಿಧಾನವಾಗಿ ಒಳಸೇರಿ ಕಾಂಕ್ರೀಟಿನ ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡುತ್ತದೆ. ಪಿಎಚ್ ಒಂಬತ್ತರ ಆಸುಪಾಸಿಗೆ ಇಳಿಯುತ್ತದೆ, ಕಂಬಿಯ ಕವಚ ಹೋಗುತ್ತದೆ. ಜೊತೆಗೆ ಮಾಳಿಗೆ ಸೋರಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಸುಣ್ಣದ ಗಾರೆಗೆ ಇದೇ ಇಂಗಾಲದ ಡೈಆಕ್ಸೈಡ್ ಬಲ ಕೊಡುತ್ತದೆ, ಕಬ್ಬಿಣದ ಕಾಂಕ್ರೀಟಿಗೆ ಅದೇ ಶತ್ರು. ಇದನ್ನು ಪರೀಕ್ಷಿಸಲು ಎಂಜಿನಿಯರುಗಳು ಬಳಸುವ ದ್ರವ ಯಾವುದು ಗೊತ್ತೇ? ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ತೊಟ್ಟಿಕ್ಕಿಸುವ ಅದೇ ಫಿನಾಲ್ಫ್‌ಥಲೀನ್. ಹೊಸದಾಗಿ ಒಡೆದ ಕಾಂಕ್ರೀಟಿನ ಮುಖಕ್ಕೆ ಅದನ್ನು ಚಿಮುಕಿಸಿದರೆ ಆರೋಗ್ಯವಾಗಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕೆಟ್ಟ ಭಾಗಕ್ಕೆ ಬಣ್ಣವೇ ಬರುವುದಿಲ್ಲ. ಬಣ್ಣ ಬಾರದ ಪದರ ಕಂಬಿಯವರೆಗೆ ತಲುಪಿದೆಯೇ ಎಂದು ನೋಡುತ್ತಾರೆ.

ಇಂಥ ಮಾಳಿಗೆಗೆ ಅಡಿಯಿಂದ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ಪೌಡರು ಹಾಕಿದಂತೆ. ಸಡಿಲ ಭಾಗವನ್ನೆಲ್ಲ ಕೆತ್ತಿ, ತುಕ್ಕನ್ನು ಉಜ್ಜಿ ತೆಗೆದು, ಸವೆದ ಕಂಬಿಗೆ ಹೊಸ ಕಂಬಿ ಸೇರಿಸಿ, ನಂತರ ತುಂಬಬೇಕು. ಎಲ್ಲಕ್ಕಿಂತ ಮೊದಲು ಮೇಲಿನ ಸೋರಿಕೆ ನಿಲ್ಲಿಸಬೇಕು. ಮದ್ರಾಸ್ ತಾರಸಿಯಾದರೆ ಕಂಬಿಯ ಬದಲು ಮರದ ತೊಲೆ, ತುಕ್ಕಿನ ಬದಲು ಗೆದ್ದಲು. ಫಾಲ್ಸ್ ಸೀಲಿಂಗಿನ ಮೇಲಿನ ಕತ್ತಲು ಗೆದ್ದಲಿಗೆ ಹೇಳಿ ಮಾಡಿಸಿದ ಜಾಗ. ಅದಕ್ಕೇ ಕೊಳ್ಳುವ ಮೊದಲು ಒಂದು ಕಡೆಯಾದರೂ ಸೀಲಿಂಗ್ ಬಿಚ್ಚಿ, ಟಾರ್ಚು ಬಿಟ್ಟು ತೋರಿಸುವಂತೆ ಕೇಳಿ. ಒಲ್ಲೆ ಎಂದರೆ ಅದೂ ಒಂದು ಉತ್ತರವೇ.

ಮನೆ ನೋಡಲು ಮಳೆ ಸುರಿದ ಮರುದಿನ ಹೋಗುವುದು ಒಳ್ಳೆಯದು. ಹಾಲಿನಲ್ಲಿ ಕೂತು ಕಾಫಿ ಕುಡಿಯುವ ಬದಲು ಬಣ್ಣ ತಲುಪದ ಜಾಗಗಳನ್ನು ನೋಡಬೇಕು: ಮೆಟ್ಟಿಲಿನ ಅಡಿ, ಮೀಟರ್ ಬೋರ್ಡಿನ ಹಿಂದೆ, ಅಟ್ಟ, ತಾರಸಿಯ ಮೂಲೆ, ಹಿತ್ತಿಲ ಕಡೆಯ ಹೊರಗೋಡೆ. ನೆಲದ ಮೇಲೆ ಒಂದು ಗೋಲಿ ಬಿಟ್ಟರೆ ಅದು ಯಾವ ಕಡೆ ಉರುಳುತ್ತದೆ ಎಂದು ಮಕ್ಕಳು ನೋಡಲಿ. ಮುಖ್ಯವಾಗಿ ಮಂಜೂರಾದ ಹಳೆಯ ನಕ್ಷೆಯನ್ನು ಕೇಳಿ ಪಡೆದು, ಅದನ್ನು ಹಿಡಿದುಕೊಂಡು ಮನೆಯೊಳಗೆ ನಡೆದಾಡಿ. ನಕ್ಷೆಯಲ್ಲಿದ್ದು ಮನೆಯಲ್ಲಿಲ್ಲದ ಗೋಡೆ ಯಾವುದು, ಮನೆಯಲ್ಲಿದ್ದು ನಕ್ಷೆಯಲ್ಲಿಲ್ಲದ ಕೋಣೆ ಯಾವುದು ಎಂಬುದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. 'ಬ್ಯಾಂಕಿನವರೇ ಬಂದು ನೋಡಿ ಸಾಲ ಕೊಟ್ಟಿದ್ದಾರೆ' ಎಂಬ ಸಮಾಧಾನ ಬೇಡ. ಅವರು ಮುಖ್ಯವಾಗಿ ನೋಡಿದ್ದು ಸ್ವತ್ತಿನ ಬೆಲೆಯನ್ನು, ಬೀಮಿನ ತುದಿಯನ್ನಲ್ಲ.

ಬಿರುಕು ಕಂಡ ಮೇಲೆ

ಗೋಡೆ, ಕಂಬಗಳ ಜೊತೆಗಿನ ಆಟ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮುಂಬೈಯ ಘಾಟ್ಕೋಪರ್ ಸಾಕ್ಷಿ. 2017ರ ಜುಲೈ 25ರಂದು ಅಲ್ಲಿ ನಾಲ್ಕು ಅಂತಸ್ತಿನ ವಸತಿ ಕಟ್ಟಡವೊಂದು ಕುಸಿದು 17 ಜನ ಸತ್ತರು. ನೆಲ ಅಂತಸ್ತಿನಲ್ಲಿ ನವೀಕರಣದ ಕೆಲಸ ನಡೆದಿತ್ತು, ಅದಕ್ಕಾಗಿ ಕಂಬಗಳಿಗೆ ಕೈಹಾಕಿದ್ದರು ಎಂಬ ಆರೋಪ ಬಂತು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 1995ರ ಜೂನ್ 29ರಂದು ಕುಸಿದ ಸಂಪೂಂಗ್ ಮಳಿಗೆಯ ಕತೆಯಂತೂ ಎಂಜಿನಿಯರಿಂಗ್ ತರಗತಿಗಳಲ್ಲಿ ಇಂದಿಗೂ ಪಾಠ. ನಾಲ್ಕು ಅಂತಸ್ತಿಗೆ ಯೋಚಿಸಿದ ಕಟ್ಟಡಕ್ಕೆ ಐದನೆಯದನ್ನು ಸೇರಿಸಿದ್ದರು. ಕಂಬಗಳನ್ನು ಸಣ್ಣ ಮಾಡಿದ್ದರು. ತಾರಸಿಯ ಮೇಲಿನ ಹವಾನಿಯಂತ್ರಣ ಯಂತ್ರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿ ಸಾಗಿಸಿದ್ದರು. ಬಿರುಕುಗಳು ಅಂದು ಬೆಳಿಗ್ಗೆಯಿಂದ ಎಲ್ಲರ ಕಣ್ಣಿಗೂ ಬಿದ್ದಿದ್ದವು, ಆದರೂ ವ್ಯಾಪಾರ ನಿಲ್ಲಿಸಲಿಲ್ಲ. ಸತ್ತವರು 502 ಮಂದಿ. ಇದಕ್ಕೆ ವ್ಯತಿರಿಕ್ತವಾದದ್ದು ನಮ್ಮಲ್ಲೇ ನಡೆದಿದೆ. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೂರಂತಸ್ತಿನ ಹಳೆಯ ಕಟ್ಟಡ ನೆಲಕ್ಕುರುಳಿತು, ಆದರೆ ಒಳಗಿದ್ದವರು ಮೊದಲೇ ಹೊರಗೆ ಬಂದಿದ್ದರಿಂದ ಯಾರೂ ಸಾಯಲಿಲ್ಲ.

ಆದ್ದರಿಂದ ಬಾಗಿಲು ಇದ್ದಕ್ಕಿದ್ದಂತೆ ಹಿಡಿಯತೊಡಗಿದರೆ, ಮಾಳಿಗೆ ಕಣ್ಣಿಗೆ ಕಾಣುವಷ್ಟು ಜೋತಿದ್ದರೆ, ರಾತ್ರಿ ಗೋಡೆಯೊಳಗಿನಿಂದ ಚಟಪಟ ಸದ್ದು ಬಂದರೆ, ಪೆನ್ಸಿಲ್ ಗುರುತನ್ನು ಬಿರುಕು ವಾರದೊಳಗೆ ದಾಟಿದರೆ ನೋಟ್‌ಬುಕ್ ಮುಚ್ಚಿಡಿ, ಮನೆ ಖಾಲಿ ಮಾಡಿ. ಪರೀಕ್ಷೆಯ ಕಾಲವೆಂದು, ಹಬ್ಬವೆಂದು ಮುಂದೂಡಬೇಡಿ. ತಾರಸಿಯ ಟ್ಯಾಂಕಿನ ನೀರು ಬಿಟ್ಟುಬಿಟ್ಟರೆ ಒಂದು ಟನ್ ಭಾರವಾದರೂ ತಕ್ಷಣ ಇಳಿಯುತ್ತದೆ. ಮಾಳಿಗೆಗೆ ತಾತ್ಕಾಲಿಕ ಊರೆ ಕೊಡುವುದನ್ನು ತಿಳಿದವರ ಕೈಯಲ್ಲೇ ಮಾಡಿಸಬೇಕು. ಸಿಕ್ಕ ಕಡೆ ಸರ್ವೆ ಮರ ನಿಲ್ಲಿಸಿದರೆ ಕೆಲವೊಮ್ಮೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಅಷ್ಟು ತುರ್ತಿಲ್ಲದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಹಣ ಕೊಟ್ಟು ಕರೆಸಿ. ದುರಸ್ತಿಯ ಗುತ್ತಿಗೆಯನ್ನೂ ತಾನೇ ಹಿಡಿಯುವವರು ಬೇಡ. ಹಾಗೆಯೇ, ಮಾರಿದವರ ಕಡೆಯ ಪರಿಚಯವೂ ಬೇಡ. ಅವರು ಸುತ್ತಿಗೆಯ ಪುಟಿತವನ್ನು ಅಳೆದು ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡುತ್ತಾರೆ, ಶಬ್ದಾತೀತ ತರಂಗ ಹಾಯಿಸಿ ಒಳಗಿನ ಪೊಳ್ಳು ಹುಡುಕುತ್ತಾರೆ, ಪಾಯದ ಪಕ್ಕ ಒಂದು ಗುಂಡಿ ತೋಡಿಸಿ ಅದು ಎಷ್ಟು ಆಳ, ಎಷ್ಟು ಅಗಲ ಇದೆ ಎಂದು ನೋಡುತ್ತಾರೆ. ಅವರು ಹೇಳಿದ್ದನ್ನು ಬರವಣಿಗೆಯಲ್ಲಿ, ಸಹಿಯೊಂದಿಗೆ ಪಡೆಯಿರಿ. ಬಹಳ ಮನೆಗಳಲ್ಲಿ ಪರಿಹಾರ ನಾವು ಹೆದರಿದಷ್ಟು ದೊಡ್ಡದಿರುವುದಿಲ್ಲ. ತೆಗೆದ ಗೋಡೆಯ ಜಾಗದಲ್ಲಿ ಸರಿಯಾದ ಬೀಮು, ಅದರ ತುದಿಗಳಿಗೆ ಪಾಯದಿಂದ ಎದ್ದ ಎರಡು ಕಂಬ, ಮೇಲಿನ ಇಟ್ಟಿಗೆ ಗೋಡೆಯ ಬದಲು ಹಗುರ ಹಲಗೆಯ ಗೋಡೆ, ಇಷ್ಟರಲ್ಲೇ ಎಷ್ಟೋ ಮನೆ ನೆಟ್ಟಗಾಗುತ್ತದೆ.

ಮಾರಿದವರ ಹೊಣೆ ಏನೂ ಇಲ್ಲವೇ ಎಂಬ ಪ್ರಶ್ನೆ ಸಹಜ. ಹೊಸ ಕಟ್ಟಡಗಳಿಗೆ 2016ರ ರೇರಾ ಕಾಯ್ದೆಯಲ್ಲಿ ರಚನಾ ದೋಷಕ್ಕೆ ಐದು ವರ್ಷದ ಹೊಣೆಯಿದೆ, ಆದರೆ ಅದು ಬಿಲ್ಡರುಗಳ ನೋಂದಾಯಿತ ಯೋಜನೆಗಳಿಗೆ. ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗುವ ಹಳೆಯ ಮನೆಗೆ ಅನ್ವಯಿಸುವುದು ಸ್ವತ್ತು ವರ್ಗಾವಣೆ ಕಾಯ್ದೆ, 1882. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು, ಮುಚ್ಚಿಟ್ಟರೆ ಅದು ವಂಚನೆ ಎನ್ನುತ್ತದೆ ಅದರ 55ನೇ ಕಲಮು. 'ಸಾಮಾನ್ಯ ಎಚ್ಚರಿಕೆ' ಎಂಬ ಮಾತನ್ನು ಗಮನಿಸಿ. ನೋಡಿದ್ದರೆ ಕಾಣುತ್ತಿದ್ದ ಬಿರುಕನ್ನು ನೋಡದೆ ಕೊಂಡವರಿಗೆ ಈ ಕಲಮಿನಿಂದ ಹೆಚ್ಚಿನ ಸಹಾಯವಿಲ್ಲ. ಆದ್ದರಿಂದ ಕೊಳ್ಳುವ ಮೊದಲೇ 'ಯಾವ ಗೋಡೆ ತೆಗೆದಿರಿ, ಯಾರ ಲೆಕ್ಕದ ಮೇಲೆ ತೆಗೆದಿರಿ, ಪಾಯ ಎಷ್ಟು ಅಂತಸ್ತಿಗೆ ಹಾಕಿದ್ದು' ಎಂದು ಲಿಖಿತವಾಗಿ ಕೇಳಿ, ಲಿಖಿತ ಉತ್ತರವನ್ನೇ ಪಡೆಯುವುದು ಜಾಣತನ.

ಆ ಉತ್ತರ, ಹಳೆಯ ನಕ್ಷೆ, ಎಂಜಿನಿಯರ್ ವರದಿ, ದುರಸ್ತಿಯಾಗುವಾಗ ಗೋಡೆ ಬಿಚ್ಚಿದ್ದಾಗ ತೆಗೆದ ಫೋಟೋಗಳು, ಮಗಳು ಬರೆದಿಟ್ಟ ಬಿರುಕಿನ ನೋಟ್‌ಬುಕ್ಕು, ಇವನ್ನೆಲ್ಲ ಕ್ರಯಪತ್ರದ ಜೊತೆ ಒಂದೇ ಕಡತದಲ್ಲಿ ಇಡಿ. ಇನ್ನು ಇಪ್ಪತ್ತು ವರ್ಷಕ್ಕೆ ನೀವೇ ಆ ಮನೆ ಮಾರುವಾಗ 55ನೇ ಕಲಮಿನ ಪ್ರಕಾರ ಹೇಳಬೇಕಾದವರು ನೀವಾಗಿರುತ್ತೀರಿ.